ಮುಚ್ಚಳ ತೆಗೆಯದ ಡಬ್ಬ

ನಲವತ್ತು ವರ್ಷ ಊರಿಗೆಲ್ಲ ಬಣ್ಣ ಬಳಿದ ಮನುಷ್ಯನ ಸ್ವಂತ ಮನೆ ಹೇಗಿರಬೇಕು ಹೇಳಿ. ಫಳಫಳ ಅನ್ನುತ್ತಿರುತ್ತದೆ ಅಂದುಕೊಂಡರೆ ಮೋಸಹೋದಿರಿ. ಬಾಟಲಿ ಕಾರ್ಖಾನೆಯ ಹಿಂದಿನ ಬೀದಿಯ ಕೊನೆಯಲ್ಲಿದ್ದ ಬಣ್ಣದಣ್ಣನ ಮನೆಯೊಳಗೆ ಕಾಲಿಟ್ಟವರು ಮೊದಲು ಕಣ್ಣು ಕಿರಿದು ಮಾಡುತ್ತಿದ್ದರು. ಮುಂದಿನ ಕೋಣೆಯ ಒಂದು ಗೋಡೆ ಕೆನೆ, ಅದರ ಎದುರಿನದು ಬೂದು. ಅಡುಗೆಮನೆ ಪಾಚಿಹಸಿರು. ಮಲಗುವ ಕೋಣೆ ಅರ್ಧದವರೆಗೆ ಇಟ್ಟಿಗೆಗೆಂಪು, ಅಲ್ಲಿಂದ ಮೇಲೆ ತಿಳಿನೀಲಿ, ಯಾಕೆಂದರೆ ಕೆಂಪು ಅಲ್ಲಿಗೆ ಮುಗಿದುಹೋಗಿತ್ತು. ಆ ಮನೆಗೆಂದು ಅವನು ಯಾವತ್ತೂ ಒಂದು ಡಬ್ಬ ಬಣ್ಣ ಕೊಂಡವನಲ್ಲ. ಕೆಲಸ ಮುಗಿದ ಮನೆಗಳಲ್ಲಿ ಡಬ್ಬದ ತಳದಲ್ಲಿ ಒಂದಿಷ್ಟು ಉಳಿದಿರುತ್ತದಲ್ಲ, ಅದನ್ನು ಮನೆಯವರು "ತಗೊಂಡ್ಹೋಗಪ್ಪ" ಅನ್ನುತ್ತಿದ್ದರು, ಇವನು ತರುತ್ತಿದ್ದ. ಆ ಕಸುಬಿನವರೆಲ್ಲ ಮಾಡುವುದೇ ಹಾಗೆ.

ಅವನ ಹೆಂಡತಿ ಆ ಡಬ್ಬಗಳಿಗೆ ಸೀಮೆಸುಣ್ಣದಲ್ಲಿ ಹೆಸರು ಬರೆದು ಮಂಚದ ಕೆಳಗೆ ಸಾಲಾಗಿ ಜೋಡಿಸುತ್ತಿದ್ದಳು. 'ಹಲ್ಲಿನ ಡಾಕ್ಟರ ಮನೆ', 'ಬ್ಯಾಂಕಿನ ಮೆಟ್ಟಿಲು', 'ಶಾಲೆ ಕಿಟಕಿ', 'ಗೊಣಗಮ್ಮನ ಮನೆ'. ಈ ಕೊನೆಯದು, ಮೂರು ಸಲ ಬಳಿಸಿ ಮೂರು ಸಲ ಮೂಗು ಮುರಿದ ಒಬ್ಬ ಹೆಂಗಸಿನದು. ಹೆಂಡತಿಯ ಕೆಲಸ ಅಂಗಿ ಕಾರ್ಖಾನೆಯಿಂದ ಬಂದ ಅಂಗಿಗಳಿಗೆ ಗುಂಡಿ ಹೊಲಿಯುವುದು. ಮುಂದಿನ ಕೋಣೆಯ ಕೆನೆಬಣ್ಣದ ಗೋಡೆಗೆ ಒರಗಿ, ಬಾಗಿಲ ಕಡೆಗೆ ಮುಖ ಮಾಡಿ, ಚಾಪೆಯ ಮೇಲೆ ಕಾಲು ಚಾಚಿ ಕೂತುಬಿಟ್ಟಳೆಂದರೆ ಸಂಜೆಯವರೆಗೆ ಅಲ್ಲೇ.

"ಹಲ್ಲಿನ ಡಾಕ್ಟರ ಮನೇಲಿ ಕೂತು ಗುಂಡಿ ಹೊಲೀತೀನಿ, ಶಾಲೇಲಿ ಅಡುಗೆ ಮಾಡ್ತೀನಿ, ಹೋಟ್ಲಲ್ಲಿ ಮಲಗ್ತೀನಿ," ಅನ್ನುತ್ತಿದ್ದಳು. "ಇದ್ರಲ್ಲಿ ನಮ್ಮನೆ ಅನ್ನೋದು ಎಲ್ಲಿದೇರೀ?"

ಅವನು ನಗುತ್ತಿದ್ದ. ಅವಳಿಗೂ ನಗು ಬರುತ್ತಿತ್ತು, ಆದರೆ ಮಾತು ಬಿಡುತ್ತಿರಲಿಲ್ಲ. "ನಂಗೆ ಒಡವೆ ಬೇಡ, ಸೀರೆ ಬೇಡ. ಒಂದೇ ಒಂದು ಹೊಸ ಡಬ್ಬ ತನ್ನಿ. ಅಂಗಡಿಯವನೂ ಮುಚ್ಚಳ ತೆಗೆದಿರಬಾರ್ದು. ನೀವೇ ನನ್ನೆದುರಿಗೆ ತೆಗೀಬೇಕು."

"ಯಾವ ಬಣ್ಣ ಅಂತ ಹೇಳೇ."

"ಮೊದ್ಲು ಹೊರಡಿ. ನೀವು ಚಪ್ಪಲಿ ಮೆಟ್ಟಿದ ಮೇಲೆ ಹೇಳ್ತೀನಿ."

ಮುಂದಿನ ತಿಂಗಳು ನೋಡೋಣ ಅನ್ನುತ್ತಿದ್ದ ಅವನು. ಮುಂದಿನ ತಿಂಗಳು, ಮುಂದಿನ ತಿಂಗಳು ಅಂತ ಮೂವತ್ತೆಂಟು ವರ್ಷ ಹೋಯಿತು. ಒಂದು ಮಂಗಳವಾರ ಮಧ್ಯಾಹ್ನ ಅಂಗಿಯೊಂದಕ್ಕೆ ಐದನೆಯ ಗುಂಡಿ ಹೊಲಿಯುತ್ತಿದ್ದವಳು ಹಾಗೇ ಗೋಡೆಗೆ ತಲೆ ಆನಿಸಿದಳು, ಮತ್ತೆ ಎತ್ತಲಿಲ್ಲ. ಆ ಹೊತ್ತಿಗೆ ಅವನು ಇನ್ಯಾರದೋ ಮನೆಯಲ್ಲಿ ಏಣಿಯ ಮೇಲಿದ್ದ.

ಅವಳು ಹೋದ ಮೇಲೆ ಗೋಡೆಯ ಮೇಲೆ ಒಂದು ಕಲೆ ಉಳಿಯಿತು. ಅಲ್ಲಿ ಕಲೆ ಮೊದಲಿನಿಂದಲೂ ಇತ್ತು ಅನ್ನಿ, ಅವಳ ತಲೆ ಅದನ್ನು ಮುಚ್ಚಿಕೊಂಡಿತ್ತು ಅಷ್ಟೆ. ನೆಲದಿಂದ ಎರಡು ಮೊಳಕ್ಕೆ ತುಸು ಕಡಿಮೆ ಎತ್ತರದಲ್ಲಿ, ಒಂದು ತಟ್ಟೆಯಷ್ಟು ಅಗಲ, ತಲೆಗೆ ಹಚ್ಚುವ ಎಣ್ಣೆ ಹೀರಿ ಹೀರಿ ಕಪ್ಪಿಟ್ಟ ಗುಂಡನೆಯ ಕಲೆ. ಹಸಿರು ಬಾಟಲಿಯ ಎಣ್ಣೆ, ಮೂಗಿಗೆ ತುಸು ಕರ್ಪೂರ ತಾಗಿದ ಹಾಗಿರುತ್ತಿತ್ತು. ಬಣ್ಣದಣ್ಣ ಅದಕ್ಕೆ ಕೈ ಹಚ್ಚಲಿಲ್ಲ. ಊರವರ ಗೋಡೆಯ ಮೇಲೆ ಬೆರಳಿನ ಗುರುತು ಕಂಡರೂ ತಡೆಯಲಾರದ ಮನುಷ್ಯ ಇದನ್ನು ಮಾತ್ರ ಒಂದು ವರ್ಷ ಎರಡು ತಿಂಗಳು ಹಾಗೇ ಬಿಟ್ಟ. ತನ್ನ ಹಾಸಿಗೆಯನ್ನು ಮಲಗುವ ಕೋಣೆಯಿಂದ ತಂದು ಆ ಗೋಡೆಯ ಪಕ್ಕಕ್ಕೇ ಹಾಸಿಕೊಂಡ. ಆ ಗೋಡೆ ಬೆಚ್ಚಗಿರುತ್ತಿತ್ತು. ಗೋಡೆಯಾಚೆ ಇಸ್ತ್ರಿ ಅಕ್ಕನ ಮನೆ. ದಿನವಿಡೀ ಇಸ್ತ್ರಿಪೆಟ್ಟಿಗೆ ಕಾದಿರುತ್ತದಲ್ಲ, ಅದರ ಬಿಸಿ ಇರಬೇಕು ಅಂದುಕೊಂಡಿದ್ದ.

ಮನೆ ಮಾರುವ ಮಾತು ತೆಗೆದದ್ದು ಮಗಳು. ಅವಳು ಊರಿನ ಇನ್ನೊಂದು ತುದಿಯಲ್ಲಿ ಗಂಡನೊಂದಿಗೆ ಇದ್ದಳು.

"ಅಪ್ಪಾ, ಹೋದ ತಿಂಗಳು ಏಣಿಯಿಂದ ಜಾರಿದೆ. ನಾಳೆ ಬಿದ್ದೆ ಅಂದ್ರೆ ನೀರು ಕೊಡೋಕೂ ಯಾರೂ ಇಲ್ಲ. ನಮ್ಮನೆ ಮಾಳಿಗೆ ಮೇಲೆ ನಿಂಗೊಂದು ಕೋಣೆ ಹಾಕೋಣ. ಮೇಸ್ತ್ರಿ ಮುಂದಿನ ವಾರ ಬರ್ತೀನಿ ಅಂದಿದಾನೆ. ತಪ್ಪಿದ್ರೆ ಮತ್ತೆ ಒಂದು ವರ್ಷ ಸಿಗಲ್ವಂತೆ."

"ಒಂದು ವಾರದಲ್ಲಿ ಮನೆ ಯಾರಮ್ಮಾ ತಗೋತಾರೆ?"

"ಎಂಟುದಿನದ ಸಾಹುಕಾರ ಇದಾನಲ್ಲ."

ಆ ಊರಿನಲ್ಲಿ ಅವನನ್ನು ಅರಿಯದವರಿಲ್ಲ. ಹಳೆಯ ಬಾಗಿಲು ಕಿಟಕಿ ಮಾರುವ ಅಂಗಡಿ ಅವನದು, ಅದರ ಜೊತೆಗೆ ಹಳೆಯ ಮನೆಗಳನ್ನೂ ಕೊಳ್ಳುತ್ತಿದ್ದ. ಇವತ್ತು ನೋಡಿದರೆ ಎಂಟನೆಯ ದಿನ ಪೂರ್ತಿ ಹಣ ಕೈಗೆ. ಸೋರಲಿ, ಬಿರುಕು ಬಿಟ್ಟಿರಲಿ, ಇದ್ದದ್ದನ್ನು ಇದ್ದ ಹಾಗೆ ತೆಗೆದುಕೊಳ್ಳುತ್ತಾನೆ, ಬೆಲೆ ಮಾತ್ರ ಒಂದು ಕೈ ಕಡಿಮೆ. ತುರ್ತು ಇದ್ದವರಿಗೆ ಅವನೇ ದಿಕ್ಕು. ಒಂದು ಗುರುವಾರ ಬೆಳಗ್ಗೆ ಹನ್ನೊಂದಕ್ಕೆ ಅವನು ಬಂದ. ಬಡಕಲು ಮೈ, ಮೆತ್ತನೆ ಮಾತು. ಬೂಟು ಹೊರಗೆ ಬಿಟ್ಟು ಕಾಲುಚೀಲದಲ್ಲೇ ಒಳಗೆ ಬಂದು, ಒಂದೊಂದು ಗೋಡೆಗೂ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದ. ಒಂದೊಂದು ಕೋಣೆಯಲ್ಲೂ ಒಂದು ನಿಮಿಷ ಸುಮ್ಮನೆ ಕೂತು ಎದ್ದ. ಮಾಡು ನೋಡಲಿಲ್ಲ, ಪಾಯ ಕೇಳಲಿಲ್ಲ. ಕೊನೆಗೆ ಮುಂದಿನ ಕೋಣೆಯ ಕಲೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ಅದನ್ನು ಮಾತ್ರ ಮುಟ್ಟಲಿಲ್ಲ.

"ಯಜಮಾನ್ರೇ, ಮನೆ ನಂಗೆ ಒಪ್ಪಿಗೆ. ನೀವು ಹೇಳಿದ ಬೆಲೆಗೇ ಒಪ್ಪಿಗೆ. ಇದೊಂದು ಹೋಗ್ಬೇಕು."

"ಇದ್ದ ಹಾಗೇ ತಗೋತೀರಂತಲ್ಲ?"

"ಸೋರೋ ಮಾಡು ತಗೋತೀನಿ, ಗೆದ್ದಲು ಹಿಡಿದ ಬಾಗಿಲು ತಗೋತೀನಿ. ಹಿಂದೆ ಒಂದ್ಸಲ ಇಂಥದ್ದೂ ತಗೊಂಡೆ. ಬಾಡಿಗೆಗೆ ಬಂದೋರು ಯಾರೂ ಆ ಗೋಡೆ ಕಡೆ ಬೆನ್ನು ಹಾಕಿ ಕೂರ್ತಿರ್ಲಿಲ್ಲ. ಯಾಕೆ ಅಂತ ಕೇಳಿದ್ರೆ ಅವರಿಗೂ ಗೊತ್ತಿರ್ಲಿಲ್ಲ." ಅವನು ಎದ್ದು ಮಂಡಿ ಒರೆಸಿಕೊಂಡ. "ನನ್ನ ಒಂದೇ ನಿಯಮ. ಸಾಮಾನು ಬಿಟ್ಟುಹೋಗಿ, ಪರವಾಗಿಲ್ಲ. ಜನಾನ ಬಿಟ್ಟುಹೋಗಬೇಡಿ. ನೀವು ಬಣ್ಣದವರು, ನಿಮಗೆ ಇದು ಎಷ್ಟರ ಕೆಲಸ. ಮುಂದಿನ ಗುರುವಾರ ಇದೇ ಹೊತ್ತಿಗೆ ಬರ್ತೀನಿ."

ಬಣ್ಣದಣ್ಣನಿಗೆ ಸಿಟ್ಟು ಬಂತು. ಹಳೆ ಕಿಟಕಿ ಮಾರುವವನಿಗೆ ಎಷ್ಟು ಕೊಬ್ಬು ನೋಡು ಅಂದುಕೊಂಡ. ಆದರೆ ಮೇಸ್ತ್ರಿಯ ನೆನಪಾಯಿತು, ಮಗಳ ಮುಖ ನೆನಪಾಯಿತು, ಆಗಲಿ ಅಂದ.

ಎಣ್ಣೆಕಲೆಯನ್ನು ಮುಚ್ಚುವುದು ಸುಲಭವಲ್ಲ, ಆದರೆ ಬಾರದ ವಿದ್ಯೆಯೂ ಅಲ್ಲ. ಸುಮ್ಮನೆ ಬಣ್ಣ ಬಳಿದರೆ ಎರಡೇ ದಿನದಲ್ಲಿ ಎಣ್ಣೆ ಹೊರಗೆ ಬರುತ್ತದೆ. ಅದನ್ನು ಅವನು ನೂರು ಹೊಸಬರಿಗೆ ಹೇಳಿಕೊಟ್ಟಿದ್ದಾನೆ. ಶುಕ್ರವಾರ ಬೆಳಗ್ಗೆ ಬಿಸಿನೀರಿಗೆ ಸೋಡಾ ಹಾಕಿ ಉಜ್ಜಿದ. ಮೊದಲ ಸಲ ಬಟ್ಟೆ ಒತ್ತಿದಾಗ ಕರ್ಪೂರದ ವಾಸನೆ ಎದ್ದು ಕೋಣೆಯೆಲ್ಲ ತುಂಬಿತು. ಅವನ ಕೈ ನಿಂತಿತು. "ತಪ್ಪು ತಿಳ್ಕೋಬೇಡ ಕಣೇ," ಅಂದ ಮೆಲ್ಲಗೆ. "ಮಗಳು ಕರೀತಿದಾಳೆ." ಆಮೇಲೆ ಸ್ಯಾಂಡ್‌ಪೇಪರ್ ಹಿಡಿದು ತಿಕ್ಕಿದ, ಅರಗಿನ ವಾರ್ನಿಷ್ ಎರಡು ಕೈ ಹೊಡೆದು ಎಣ್ಣೆಯ ಬಾಯಿ ಕಟ್ಟಿದ, ಪ್ರೈಮರ್ ಹಚ್ಚಿದ. ಮಂಚದ ಕೆಳಗಿನಿಂದ 'ಹಲ್ಲಿನ ಡಾಕ್ಟರ ಮನೆ' ಎಳೆದು ಮೇಲಿಂದ ಎರಡು ಕೈ ಬಳಿದ. ಶನಿವಾರ ಇಡೀ ದಿನ ಗೋಡೆ ಹಾಲಿನ ಹಾಗಿತ್ತು. ಕೆಲಸ ಅಂದರೆ ಇದು ಅಂದುಕೊಂಡ.

ಭಾನುವಾರ ಬೆಳಗ್ಗೆ ಎದ್ದು ಹಾಸಿಗೆ ಸುತ್ತುವಾಗ ನೋಡಿದರೆ ಕಲೆ ಇತ್ತು. ಅದೇ ಜಾಗ, ಅದೇ ಅಗಲ. ಅಂಚಿನಲ್ಲಿ ಮಸುಕಾಗಿ ನಡುವಿನಲ್ಲಿ ಒದ್ದೆಯೊದ್ದೆಯಾಗಿ, ಈಗಷ್ಟೇ ಯಾರೋ ತಲೆ ತೆಗೆದ ಹಾಗೆ.

ವಾರ್ನಿಷ್ ಹಳೆಯದು, ಸತ್ವ ಹೋಗಿರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಸೋಮವಾರ ಉಳಿ ಸುತ್ತಿಗೆ ಹಿಡಿದ. ಕಲೆಯ ಸುತ್ತ ಒಂದು ಮೊಳದಷ್ಟು ಗಿಲಾವು ಪೂರ್ತಿ ಕಿತ್ತು, ಇಟ್ಟಿಗೆ ಕಾಣುವವರೆಗೆ ಹೋದ. ಇಟ್ಟಿಗೆಯನ್ನೂ ಸೋಡಾದಲ್ಲಿ ತೊಳೆದ. ಅರ್ಧ ಗಂಟೆಯಲ್ಲಿ ಕಲ್ಲಾಗುವ ಪ್ಲಾಸ್ಟರ್ ಹಿಟ್ಟು ಕಲಸಿ ಹೊಸದಾಗಿ ತುಂಬಿದ. ಕಿತ್ತ ಹೆಂಟೆಗಳನ್ನು ಗೋಣಿಯಲ್ಲಿ ಕಟ್ಟಿ ಬೀದಿಯ ಕೊನೆಯ ಕಸದ ತೊಟ್ಟಿಗೆ ಹಾಕಿ ಬರುವಾಗ, ಯಾಕೋ ಹಿಂದಕ್ಕೆ ತಿರುಗಿ ನೋಡಬೇಕು ಅನ್ನಿಸಿತು. ನೋಡಲಿಲ್ಲ. ಮಂಗಳವಾರ 'ಬ್ಯಾಂಕಿನ ಮೆಟ್ಟಿಲು', ಅದರ ಮೇಲೆ 'ಗೊಣಗಮ್ಮನ ಮನೆ'. ಕೈಗೆ ಸಿಕ್ಕಿದ ಡಬ್ಬಗಳನ್ನೆಲ್ಲ ಖಾಲಿ ಮಾಡಿದ. ಹೊಸ ಗಿಲಾವಿನಲ್ಲಿ ಎಣ್ಣೆ ಎಲ್ಲಿಂದ ಬರಬೇಕು? ನಲವತ್ತು ವರ್ಷದ ಕಸುಬು ಸುಳ್ಳು ಹೇಳುವುದಿಲ್ಲ.

ಬುಧವಾರ ಬೆಳಗ್ಗೆ ಕಲೆ ಮತ್ತೆ ಅಲ್ಲೇ ಇತ್ತು.

ಈ ಸಲ ಅದರ ನಡುವೆ ಏನೋ ಗೀರಿತ್ತು. ಬ್ರಷ್ಷಿನ ಎಳೆ ಉದುರಿ ಬಣ್ಣದಲ್ಲಿ ಸಿಕ್ಕಿಕೊಂಡಿರಬೇಕು, ಹಳೆ ಬ್ರಷ್ಷಿನ ಹಣೆಬರಹ ಎಂದು ಗೊಣಗಿ ಉಗುರಿನಿಂದ ಎಬ್ಬಿ ಎಳೆದ. ಅದು ಬಂತು. ಎಳೆದ ಹಾಗೆ ಬರುತ್ತಲೇ ಹೋಯಿತು. ಒಂದು ತೋಳುದ್ದ ಬಂದಾಗ ತುದಿ ಸಿಕ್ಕಿತು. ತುದಿಯಲ್ಲಿ ಕಪ್ಪು, ಬುಡದಲ್ಲಿ ಬಿಳಿ. ಅವಳು ಕೂದಲಿಗೆ ಕಪ್ಪು ಹಚ್ಚುವುದನ್ನು ಬಿಟ್ಟ ವರ್ಷವೇ ತೀರಿಕೊಂಡದ್ದು. ಬಣ್ಣದಣ್ಣನಿಗೆ ಹೆದರಿಕೆಯಾಯಿತು. ಹೆಂಡತಿಗೆ ಹೆದರುವುದು ಅವನಿಗೆ ಹೊಸದೇನಲ್ಲ, ಆದರೆ ಇದು ಬೇರೆ ಹೆದರಿಕೆ. ಕೂದಲೆಳೆಯನ್ನು ಬೆರಳಿಗೆ ಸುತ್ತಿಕೊಂಡು ಹೊಸ್ತಿಲ ಮೇಲೆ ಬಂದು ಕೂತ.

ಪಕ್ಕದ ಇಸ್ತ್ರಿ ಅಕ್ಕ ಬಟ್ಟೆ ಗಂಟು ಹೊತ್ತು ಬರುತ್ತಿದ್ದವಳು ನಿಂತಳು. "ಏನಣ್ಣಾ, ಮನೆ ಮಾರಿ ಹೋಗೋ ಸಂತೋಷಕ್ಕೆ ಮುಖ ಹೀಗಾಗಿದ್ಯಾ?"

ಅವನು ಒಳಗೆ ಕೈ ತೋರಿಸಿದ. ಅವಳು ಹೋಗಿ ನೋಡಿದಳು, ಬಗ್ಗಿ ಕಲೆಯ ಮೇಲೆ ಅಂಗೈ ಇಟ್ಟಳು, ತಕ್ಷಣ ಕಿತ್ತುಕೊಂಡಳು.

"ಬೆಚ್ಚಗಿದೆಯಲ್ಲಣ್ಣ."

"ನಿನ್ನ ಇಸ್ತ್ರಿ ಬಿಸಿ ಅಲ್ವೇನಮ್ಮಾ ಅದು?"

ಅವಳು ಅವನನ್ನೇ ದಿಟ್ಟಿಸಿದಳು. "ನನ್ನ ಇಸ್ತ್ರಿ ಮೇಜು ಬೀದಿ ಕಡೆ ಇರೋದು. ಈ ಗೋಡೆಗೆ ನಮ್ಮ ಬಟ್ಟೆ ಬೀರು ಒರಗಿಸಿದೀನಿ, ಹತ್ತು ವರ್ಷ ಆಯ್ತು. ಆ ಕಡೆ ತಣ್ಣಗೆ ಕೊರೀತಿರುತ್ತೆ."

ಹೊರಗೆ ಕಾರ್ಖಾನೆಯ ಬಾಟಲಿಗಳು ಗಾಡಿಗೆ ಏರುವ ಕಿಣಿಕಿಣಿ ಸದ್ದು ಕೇಳುತ್ತಿತ್ತು. ಇಸ್ತ್ರಿ ಅಕ್ಕ ಬಾಯಿಗೆ ಬಂದದ್ದನ್ನು ಆಡುವ ಹೆಂಗಸು, ಆದರೆ ಅವತ್ತು ದನಿ ತಗ್ಗಿಸಿ ಕೇಳಿದಳು: "ಅತ್ತಿಗೆಗೆ ಏನಾದ್ರೂ ಕೊಡಿಸ್ತೀನಿ ಅಂತ ಮಾತು ಕೊಟ್ಟಿದ್ಯಾ?"

"ಇಲ್ಲ," ಅಂದ ಅವನು, ಅಂದವನು ನಾಲಿಗೆ ಕಚ್ಚಿಕೊಂಡ. ಗೋಡೆಯ ಬುಡದಲ್ಲಿ ಖಾಲಿ ಡಬ್ಬಗಳು ಕಾಣುತ್ತಿದ್ದವು, ಒಂದೊಂದರ ಮೇಲೂ ಅವಳ ಗುಂಡು ಅಕ್ಷರ. ಡಾಕ್ಟರ ಮನೆ, ಬ್ಯಾಂಕು, ಗೊಣಗಮ್ಮನ ಮನೆ. ಈ ವಾರವೆಲ್ಲ ಅವಳ ತಲೆಯ ಮೇಲೆ ಅವನು ಮತ್ತೆ ಊರವರ ಮನೆಗಳನ್ನೇ ಬಳಿದಿದ್ದ. ಅವಳನ್ನು ಅಳಿಸುವುದಕ್ಕೂ ಹೊಸ ಡಬ್ಬ ತರುವಷ್ಟು ಮನಸ್ಸು ಬಂದಿರಲಿಲ್ಲ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

ಚಪ್ಪಲಿ ಮೆಟ್ಟಿದ. ಮೆಟ್ಟಿ, ಬಾಗಿಲಲ್ಲೇ ನಿಂತು ಒಳಗೆ ತಿರುಗಿ, "ಈಗ ಹೇಳು, ಯಾವ ಬಣ್ಣ?" ಅಂದ. ಇಸ್ತ್ರಿ ಅಕ್ಕ ಇವನಿಗೆ ತಲೆ ಕೆಟ್ಟಿತು ಅಂದುಕೊಂಡಳು. ಒಳಗಿಂದ ಏನೂ ಕೇಳಲಿಲ್ಲ.

ಬಣ್ಣದ ಅಂಗಡಿಯವನಿಗೂ ನಂಬಿಕೆ ಬರಲಿಲ್ಲ. "ಯಾರ ಮನೆಗಣ್ಣ?"

"ನಮ್ಮನೆಗೆ."

"ನಿಮ್ಮನೆಗೆ? ಹೊಸ ಡಬ್ಬ? ತಾಳು, ಇವತ್ತಿನ ತಾರೀಕು ಬರೆದಿಟ್ಟುಕೋತೀನಿ." ನಗುತ್ತ ಬಣ್ಣದ ಪಟ್ಟಿಯನ್ನು ಮುಂದಕ್ಕೆ ತಳ್ಳಿದ. "ಯಾವುದು ಕೊಡ್ಲಿ?"

ಬಣ್ಣದಣ್ಣ ಪಟ್ಟಿ ನೋಡಿದ. ಇನ್ನೂರು ಚೌಕಗಳು, ಕಣ್ಣು ಮುಚ್ಚಿ ಕೇಳಿದರೂ ನಂಬರು ಸಮೇತ ಹೇಳಬಲ್ಲವನು. ಗೊಣಗಮ್ಮನಿಗೆ ಯಾವುದು ಇಷ್ಟ ಎಂದು ಗೊತ್ತು, ಬ್ಯಾಂಕಿನವರಿಗೆ ಯಾವುದು ಎಂದು ಗೊತ್ತು. ಮೂವತ್ತೆಂಟು ವರ್ಷ ಸಂಸಾರ ಮಾಡಿದವಳಿಗೆ ಯಾವ ಬಣ್ಣ ಇಷ್ಟ ಎಂದು ಗೊತ್ತಿಲ್ಲ. ಒಂದು ಸಲವಾದರೂ ಚಪ್ಪಲಿ ಮೆಟ್ಟಿದ್ದರೆ ಹೇಳುತ್ತಿದ್ದಳು. ಅಂಗಡಿಯವನು ಪಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಅಂಗಿಯ ತುದಿಯಿಂದ ಒಂದು ಚೌಕವನ್ನು ಒರೆಸತೊಡಗಿದ.

"ಥೂ, ಯಾರೋ ಎಣ್ಣೆ ಕೈ ಇಟ್ಟಿದಾರೆ ನೋಡು. ಬೆಳಗ್ಗೆ ತಾನೇ ಬಿಚ್ಚಿದ ಹೊಸ ಪಟ್ಟಿ. ಹೋಗ್ತಾನೂ ಇಲ್ಲ."

ಎಳೆಬಿಸಿಲಿನಂಥ ತೆಳು ಹಳದಿಯ ಚೌಕ ಅದು. ಅದರ ಮೇಲೆ ಬೆರಳ ತುದಿಯಷ್ಟು ಅಗಲದ ಎಣ್ಣೆಯ ಗುರುತು.

"ಅದೇ ಕೊಡು," ಅಂದ ಬಣ್ಣದಣ್ಣ. "ಅಂಗಡೀಲಿ ಬೆರೆಸೋದು ಬೇಡ. ಕಾರ್ಖಾನೆಯಿಂದ ಮುಚ್ಚಿ ಬಂದದ್ದು ಕೊಡು."

ಮಧ್ಯಾಹ್ನ ಅವಳು ಚಾಪೆ ಹಾಸಿ ಕೂರುತ್ತಿದ್ದ ಜಾಗದ ಎದುರಿಗೆ ಡಬ್ಬ ಇಟ್ಟು, ತಿರುಪುಳಿಯಿಂದ ಸುತ್ತಲೂ ಮೀಟಿ ಮುಚ್ಚಳ ಎಬ್ಬಿಸಿದ. ಪಟ್ ಎಂದು ಗಾಳಿ ಬಿಟ್ಟಿತು. ಒಳಗೆ ಯಾರೂ ಮುಟ್ಟದ ಬಣ್ಣ, ಒಂದು ಗೆರೆ ಇಲ್ಲದೆ ನಿಂತಿತ್ತು. "ನೋಡೇ. ನಿನ್ನೆದುರಿಗೇ ತೆಗೆದೆ," ಅಂದ. ಆಮೇಲೆ ಕೋಲು ಹಾಕಿ ಕಲಕಿದ; ಕಲಕದೆ ಬಳಿದರೆ ಬಣ್ಣ ಹಿಡಿಯುವುದಿಲ್ಲ, ಅದು ಮೊದಲ ಪಾಠ. ಕಲೆಯೊಂದನ್ನೇ ಮುಚ್ಚಿ ಬಿಡಲಿಲ್ಲ, ಮುಂದಿನ ಕೋಣೆಯ ನಾಲ್ಕೂ ಗೋಡೆಗೆ ಬಳಿದ. ಮೂಲೆಗಳನ್ನು ಚಿಕ್ಕ ಬ್ರಷ್ಷಿನಲ್ಲಿ ತೀಡಿದ. ಅಷ್ಟು ಶ್ರದ್ಧೆಯಿಂದ ಅವನು ಬ್ಯಾಂಕಿಗೂ ಬಳಿದಿರಲಿಲ್ಲ. ಇಸ್ತ್ರಿ ಅಕ್ಕ ಇಣುಕಿ ನೋಡಿ, "ಅಯ್ಯೋ, ಈ ಮನೆ ಇಷ್ಟು ದೊಡ್ಡದಾ?" ಅಂದಳು.

ಗುರುವಾರ ಬೆಳಗ್ಗೆ ಗೋಡೆಯ ಮೇಲೆ ಏನೂ ಇರಲಿಲ್ಲ.

ಅವನು ಕಣ್ಣುಜ್ಜಿಕೊಂಡು ನೋಡಿದ, ಓರೆಯಾಗಿ ನಿಂತು ಬೆಳಕಿಗೆ ನೋಡಿದ. ಒಂದು ಚುಕ್ಕೆಯೂ ಇಲ್ಲ. ಗೆದ್ದೆ ಅನ್ನಬೇಕಿತ್ತು. ಮಂಡಿಯೂರಿ, ಅಂಗೈಯನ್ನು ಆ ಜಾಗಕ್ಕೆ ಇಟ್ಟ. ಗೋಡೆ ತಣ್ಣಗಿತ್ತು. ಇಷ್ಟು ದಿನ ತಾನು ಒಬ್ಬನೇ ಮಲಗಿರಲಿಲ್ಲ ಎನ್ನುವುದು ಅವನಿಗೆ ಆಗ ಗೊತ್ತಾಯಿತು. ಹೆದರಿಸಲಿ, ಕೂದಲು ಬಿಡಲಿ, ಕೆಲಸ ಕೆಡಿಸಲಿ, ಅವಳು ಇದ್ದಳು. ಕೇಳಿದ್ದು ಸಿಕ್ಕಿತು, ಎದ್ದು ಹೋದಳು. ಕೇಳಿದ ಕೂಡಲೇ ಕೊಟ್ಟಿದ್ದರೆ ಬದುಕಿದ್ದಾಗಲೇ ಈ ಗೋಡೆಯನ್ನು ನೋಡುತ್ತಿದ್ದಳು. ಹಣೆಯನ್ನು ಗೋಡೆಗೆ ಒತ್ತಿ ಬಣ್ಣದಣ್ಣ ಬಿಕ್ಕಿ ಬಿಕ್ಕಿ ಅತ್ತ. ಹೊಸ ಬಣ್ಣದ ವಾಸನೆ ಮೂಗಿಗೆ ಅಡರಿತು.

ಹನ್ನೊಂದಕ್ಕೆ ಎಂಟುದಿನದ ಸಾಹುಕಾರ ಬಂದ. ಮಗಳೂ ಅಳಿಯನೂ ಬಂದಿದ್ದರು. ಸಾಹುಕಾರ ಕಾಲುಚೀಲದಲ್ಲಿ ಒಳಗೆ ಬಂದು, ಆ ಗೋಡೆಗೆ ಬೆನ್ನು ಕೊಟ್ಟು ಒಂದು ನಿಮಿಷ ಕೂತ. ಎದ್ದು ತಲೆ ಆಡಿಸಿದ.

"ಖಾಲಿ ಇದೆ," ಅಂದ. "ಹೇಗೆ ಕಳಿಸಿದ್ರಿ?"

"ಕಳಿಸ್ಲಿಲ್ಲ," ಅಂದ ಬಣ್ಣದಣ್ಣ.

ಮಾರಬೇಡ, ಇಲ್ಲೇ ಇರು ಎಂದು ಅವನ ಮನಸ್ಸು ಹೇಳುತ್ತಿತ್ತು. ಆದರೆ ಯಾರಿಗಾಗಿ ಇರಬೇಕು? ಸಹಿ ಮಾಡಿದ, ಬೀಗದ ಕೈ ಕೊಟ್ಟ. ಸಾಹುಕಾರ ತಂದಿದ್ದ ಹಣದ ಚೀಲವನ್ನು ಅಳಿಯ ಇಸಿದುಕೊಂಡ. ಬಣ್ಣದಣ್ಣ ಆ ಮನೆಯಿಂದ ತೆಗೆದುಕೊಂಡದ್ದು ತನ್ನ ಬಟ್ಟೆ, ಬ್ರಷ್ಷುಗಳು, ಕಿಟಕಿಯ ಮೇಲಿದ್ದ ಅವಳ ಎಣ್ಣೆಯ ಖಾಲಿ ಹಸಿರು ಬಾಟಲಿ, ಅವಳ ಸೀಮೆಸುಣ್ಣದ ತುಂಡು. ಬೆರಳಿಗೆ ಸುತ್ತಿದ್ದ ಕೂದಲು ಎಲ್ಲೋ ಬಿದ್ದುಹೋಗಿತ್ತು. ಎಲ್ಲ ಕಡೆ ಹುಡುಕಿದ, ಸಿಗಲಿಲ್ಲ.

ಮೇಸ್ತ್ರಿ ಮಾತಿಗೆ ತಪ್ಪಲಿಲ್ಲ, ಅದೇ ಒಂದು ಆಶ್ಚರ್ಯ. ಒಂದೂವರೆ ತಿಂಗಳಲ್ಲಿ ಮಾಳಿಗೆಯ ಕೋಣೆ ಎದ್ದಿತು. ಅಷ್ಟು ದಿನ ಬಣ್ಣದಣ್ಣ ಕೆಳಗೆ ಮಗಳ ನಡುಮನೆಯಲ್ಲಿ ಮಲಗಿದ. ಮಲಗಿದ ಅನ್ನುವುದು ಮಾತಿಗೆ; ಪಕ್ಕದ ಗೋಡೆಗೆ ಕೈ ಚಾಚುವುದು, ತಣ್ಣಗಿದೆ ಎಂದು ಹಿಂದಕ್ಕೆ ತೆಗೆಯುವುದು, ಇಷ್ಟೇ. ಊಟ ಸೇರುತ್ತಿರಲಿಲ್ಲ. ಮಾತಾಡಿಸಿದರೆ ಹೂಂ, ಇಲ್ಲದಿದ್ದರೆ ಅದೂ ಇಲ್ಲ. ಅಪ್ಪನನ್ನು ಕರೆತಂದು ತಪ್ಪು ಮಾಡಿದೆನೇನೋ ಎಂದು ಮಗಳು ಒಳಗೊಳಗೇ ನೊಂದುಕೊಂಡಳು. ಕೋಣೆಗೆ ಬಣ್ಣ ಬಳಿಯುವ ದಿನ ಬಂದಾಗ ಅಳಿಯ, "ಮಾವ, ನಮ್ಮ ಆಫೀಸಿಗೆ ಬಳಿದದ್ದು ಅರ್ಧ ಡಬ್ಬ ಉಳಿದಿದೆ, ತರ್ಲಾ?" ಎಂದು ಕೇಳಿದ.

"ಬೇಡಪ್ಪಾ," ಅಂದ ಬಣ್ಣದಣ್ಣ. ಆ ತಿಂಗಳಿನಲ್ಲಿ ಅವನು ಗಟ್ಟಿಯಾಗಿ ಆಡಿದ ಮೊದಲ ಮಾತು ಅದು. ಚಪ್ಪಲಿ ಮೆಟ್ಟಿ ತಾನೇ ಅಂಗಡಿಗೆ ಹೋಗಿ ಅದೇ ತೆಳು ಹಳದಿಯ ಡಬ್ಬ ತಂದ, ಕಾರ್ಖಾನೆಯಿಂದ ಮುಚ್ಚಿ ಬಂದದ್ದು.

ಮಾಳಿಗೆಯ ಕೋಣೆಯಲ್ಲಿ ಬೆಳಗಿನ ಬಿಸಿಲು ಬಿದ್ದಿತ್ತು. ಹೊಸ ಗೋಡೆ, ಹಸಿ ಸಿಮೆಂಟಿನ ವಾಸನೆ, ಮೂಲೆಯಲ್ಲಿ ಮಗಳು ಹಾಕಿಸಿದ್ದ ಮಂಚ. ನೆಲಕ್ಕೆ ಹಳೆಯ ಪೇಪರ್ ಹಾಸಿ, ಡಬ್ಬ ನಡುವೆ ಇಟ್ಟು, ತಿರುಪುಳಿಯಿಂದ ಸುತ್ತಲೂ ಮೀಟಿದ. ಪಟ್ ಎಂದಿತು. ಮುಚ್ಚಳವನ್ನು ಪಕ್ಕಕ್ಕಿಟ್ಟು, ಕಲಕುವ ಕೋಲು ಎತ್ತಿಕೊಂಡವನು ಹಾಗೇ ನಿಂತ.

ಯಾರೂ ಮುಟ್ಟದ ಆ ಬಣ್ಣದ ಮೇಲೆ, ಸರಿಯಾಗಿ ನಡುವಿನಲ್ಲಿ, ಗುಂಡಗೆ ಎಣ್ಣೆ ನಿಂತಿತ್ತು. ಒಂದು ಚಿಕ್ಕ ತಟ್ಟೆಯಷ್ಟು. ಬಿಸಿಲಿಗೆ ಮೆಲ್ಲಗೆ ಮಿನುಗುತ್ತಿತ್ತು, ಅಲುಗಾಡುತ್ತಿರಲಿಲ್ಲ. ಅದರ ಮೇಲೆ ಒಂದು ಕೂದಲು ಸುರುಳಿ ಸುತ್ತಿ ಮಲಗಿತ್ತು, ಬೆರಳಿಗೆ ಸುತ್ತಿ ಬಿಚ್ಚಿದ ಹಾಗೆ.

ಅವನು ಉಸಿರು ಬಿಡಲೂ ಹೆದರಿದ. ಈ ಸಲ ಹೆದರಿದ್ದು ಅವಳಿಗಲ್ಲ, ಅದು ಕದಡಿಹೋದೀತು ಎಂದು.

ಮೆಟ್ಟಿಲ ಮೇಲೆ ಮಗಳ ಹೆಜ್ಜೆ ಕೇಳಿತು. ಕಾಫಿ ಲೋಟ ಹಿಡಿದು ಬಂದವಳು ಹೊಸ್ತಿಲಲ್ಲೇ ನಿಂತಳು. ಮೂಗರಳಿಸಿದಳು.

"ಅಪ್ಪಾ, ಅಮ್ಮನ ಎಣ್ಣೆ ಬಾಟ್ಲಿ ತೆಗೆದ್ಯಾ?"

"ಅದು ಖಾಲಿ ಬಾಟ್ಲಿ ಕಣಮ್ಮಾ."

"ಮತ್ತೆ ಈ ವಾಸನೆ?"

ಅವನು ಕೋಲನ್ನು ಕೆಳಗಿಟ್ಟ. ಮುಚ್ಚಳವನ್ನು ಎರಡೂ ಕೈಯಲ್ಲಿ ಎತ್ತಿ, ಡಬ್ಬದ ಬಾಯಿಗೆ ನಿಧಾನವಾಗಿ ಕೂರಿಸಿ, ಸುತ್ತಲೂ ಹೆಬ್ಬೆರಳಿನಿಂದ ಒತ್ತುತ್ತ ಬಂದ. ಎತ್ತಿಕೊಂಡು ಹೋಗಿ ಮಂಚದ ತಲೆಯ ಕಡೆ, ಗೋಡೆಗೆ ತಾಗಿಸಿ ಇಟ್ಟ. ಆಮೇಲೆ ಜೇಬಿನಿಂದ ಅವಳ ಸೀಮೆಸುಣ್ಣದ ತುಂಡು ತೆಗೆದು, ಅವಳ ಹಾಗೇ ಗುಂಡಗೆ ಬರೆಯಲು ನೋಡಿದ. ಅಕ್ಷರಗಳು ಸೊಟ್ಟಗೆ ಬಂದವು. 'ನಮ್ಮ ಮನೆ' ಎಂದು ಬರೆದ.

"ಏನಪ್ಪಾ ಇದು? ಗೋಡೆಗೆ ಬಳಿಯಲ್ವಾ?"

"ಇದು ಬಳಿಯೋದಲ್ಲ," ಅಂದ ಬಣ್ಣದಣ್ಣ. ಡಬ್ಬದ ಮೇಲೆ ಅಂಗೈ ಇಟ್ಟು ಒಂದು ಗಳಿಗೆ ಇದ್ದ. ತಗಡು ಬೆಚ್ಚಗಿತ್ತು. "ನೀನು ಆ ಕಾಫಿ ಕೊಡು. ಕುಡಿದು ಅಂಗಡಿಗೆ ಹೋಗ್ಬೇಕು, ಗೋಡೆಗೆ ಇನ್ನೊಂದು ಡಬ್ಬ ತರ್ಬೇಕು."